ಹಳೆಯ ಲ್ಯಾಂಡ್‌ಲೈನ್ ಫೋನಿನಲ್ಲಿ ಇಂಟರ್ನೆಟ್ ಕರೆ: ಮನೆಯ ಕಂಪ್ಯೂಟರಿಗೆ ಜೋಡಿಸುವ ಕ್ರಮ

ಲ್ಯಾಂಡ್‌ಲೈನ್ ಸಂಪರ್ಕ ತೆಗೆಸಿದ ಮೇಲೂ ಹಜಾರದಲ್ಲಿ ಉಳಿದಿರುವ ಫೋನನ್ನು ಗುಜರಿಗೆ ಹಾಕಬೇಕಾಗಿಲ್ಲ. ಸ್ಮಾರ್ಟ್‌ಫೋನ್ ಕೈಗೆ ಒಗ್ಗದ ಹಿರಿಯರು ಅದೇ ರಿಸೀವರ್ ಎತ್ತಿ, ಒಂದೇ ಅಂಕಿ ಒತ್ತಿ, ಪರಊರಿನ ಮಗಳೊಡನೆ ಮಾತನಾಡುವಂತೆ ಮಾಡಬಹುದು. ಅದಕ್ಕೆ ಕಂಪ್ಯೂಟರ್, ಬ್ರಾಡ್‌ಬ್ಯಾಂಡ್ ರೂಟರ್ ಮತ್ತು ಹಳೆಯ ಫೋನನ್ನು ಇಂಟರ್ನೆಟ್ ಕರೆಗೆ ಹೊಂದಿಸುವ ಎಟಿಎ ಎಂಬ ಅಂಗೈಯಗಲದ ಪೆಟ್ಟಿಗೆ ಬೇಕು.

ಫೋನಿನ ತಂತಿಯನ್ನು ನೇರವಾಗಿ ಕಂಪ್ಯೂಟರಿಗೆ ಸಿಕ್ಕಿಸಿ ಪ್ರಯೋಜನವಿಲ್ಲ. ಎಕ್ಸ್‌ಚೇಂಜು ತಂತಿಯಲ್ಲಿ ಸದಾ ಸುಮಾರು 48 ವೋಲ್ಟ್ ಇಟ್ಟಿರುತ್ತದೆ, ಗಂಟೆ ಬಾರಿಸಲು ಅದಕ್ಕಿಂತ ಹೆಚ್ಚಿನ ವೋಲ್ಟೇಜು ಕಳುಹಿಸುತ್ತದೆ. ಆ ಕೆಲಸವನ್ನು ಇಲ್ಲಿ ಎಟಿಎ ವಹಿಸಿಕೊಳ್ಳುತ್ತದೆ. ಕೊಳ್ಳುವಾಗ ಫೋನಿನ ತಂತಿ ಸಿಕ್ಕಿಸುವ ಎಫ್‌ಎಕ್ಸ್‌ಎಸ್ ಪೋರ್ಟ್ ಇದೆಯೇ ಎಂದು ನೋಡಿ. ಎಫ್‌ಎಕ್ಸ್‌ಒ ಇರುವುದು ಎಕ್ಸ್‌ಚೇಂಜಿನ ಲೈನಿಗೆ. ಗೋಡೆಯ ಸಾಕೆಟ್ಟಿನಲ್ಲಿ ಲೈನ್ ಇನ್ನೂ ಜೀವಂತವಾಗಿದ್ದರೆ ಅದನ್ನು ಎಫ್‌ಎಕ್ಸ್‌ಎಸ್ ಪೋರ್ಟಿಗೆ ಎಂದೂ ಸೇರಿಸಬಾರದು, ಪೆಟ್ಟಿಗೆ ಸುಟ್ಟುಹೋಗಬಹುದು. ಬೆರಳಿಟ್ಟು ತಿರುಗಿಸುವ ಡಯಲಿನ ಫೋನುಗಳನ್ನು ಅನೇಕ ಎಟಿಎಗಳು ಅರ್ಥಮಾಡಿಕೊಳ್ಳುವುದಿಲ್ಲ.

ಕಂಪ್ಯೂಟರಿನಲ್ಲಿ ಲಿನಕ್ಸ್ ಮೇಲೆ ಆಸ್ಟರಿಸ್ಕ್ ಹಾಕಿಕೊಳ್ಳಿ. 1999ರಲ್ಲಿ ಮಾರ್ಕ್ ಸ್ಪೆನ್ಸರ್ ಆರಂಭಿಸಿದ ಈ ಉಚಿತ ತಂತ್ರಾಂಶವು ಕಂಪ್ಯೂಟರನ್ನೇ ಪುಟ್ಟ ಎಕ್ಸ್‌ಚೇಂಜು ಮಾಡುತ್ತದೆ. ಅದರ ಖಾತೆಗಳನ್ನು ಬರೆಯುವ ಪಿಜೆಸಿಪ್ (pjsip.conf) ಕಡತದಲ್ಲಿ ಫೋನಿಗೆ 101, ಮಗಳ ಮೊಬೈಲಿಗೆ 102 ಎಂಬ ಎರಡು ಖಾತೆಗಳನ್ನು ಬೇರೆ ಬೇರೆ ಉದ್ದನೆಯ ಪಾಸ್‌ವರ್ಡ್‌ಗಳೊಡನೆ ಬರೆದು, 2 ಒತ್ತಿದರೆ 102ಕ್ಕೆ ಕರೆ ಹೋಗಬೇಕೆಂದು ಎಕ್ಸ್‌ಟೆನ್ಷನ್ಸ್ (extensions.conf) ಕಡತದಲ್ಲಿ ತಿಳಿಸಿ. ಧ್ವನಿಯು ಕಂಪ್ಯೂಟರನ್ನು ಬಿಟ್ಟು ಎರಡು ಫೋನುಗಳ ನಡುವೆ ನೇರವಾಗಿ ಹರಿಯಲು ಬಿಡುವ ಡೈರೆಕ್ಟ್ ಮೀಡಿಯಾ ಆಯ್ಕೆಯನ್ನು ಎರಡೂ ಖಾತೆಗಳಲ್ಲಿ 'ನೋ' ಎಂದಿಡಿ. ಇಲ್ಲವಾದರೆ ಒಬ್ಬರ ಮಾತು ಮಾತ್ರ ಕೇಳಿಸುವ ಕಾಟ ಬರಬಹುದು. ಕಂಪ್ಯೂಟರಿನ ಐಪಿ ವಿಳಾಸ ಬದಲಾಗದಂತೆ ರೂಟರಿನಲ್ಲಿ ಕಾಯ್ದಿರಿಸಿ.

ಇನ್ನು ಎಟಿಎ. ಅದನ್ನು ಕೇಬಲ್ಲಿನಿಂದ ರೂಟರಿಗೆ ಜೋಡಿಸಿ, ಫೋನಿನ ತಂತಿಯನ್ನು ಎಫ್‌ಎಕ್ಸ್‌ಎಸ್ ಪೋರ್ಟಿಗೆ ಸಿಕ್ಕಿಸಿ. ಗ್ರ್ಯಾಂಡ್‌ಸ್ಟ್ರೀಮ್ ಎಚ್‌ಟಿ801 ಆದರೆ, ಫೋನ್ ಎತ್ತಿ ನಕ್ಷತ್ರದ ಗುಂಡಿಯನ್ನು ಮೂರು ಬಾರಿ ಒತ್ತಿ 02 ಎಂದರೆ ಅದು ತನ್ನ ವಿಳಾಸವನ್ನು ಓದಿಹೇಳುತ್ತದೆ. ಅದನ್ನು ಬ್ರೌಸರಿನಲ್ಲಿ ತೆರೆದು, ಸಿಪ್ (ಇಂಟರ್ನೆಟ್ ಕರೆ ಜೋಡಿಸುವ ನಿಯಮಾವಳಿ) ಸರ್ವರ್ ಎಂದಿರುವಲ್ಲಿ ಕಂಪ್ಯೂಟರಿನ ವಿಳಾಸವನ್ನೂ 101ರ ವಿವರವನ್ನೂ ತುಂಬಿ. ಹೊಸ ಅಂಕಿಗಾಗಿ ಕೆಲವು ಸೆಕೆಂಡು ಕಾಯುವುದು ಎಟಿಎಯ ರೂಢಿ. ನಮ್ಮ ಮನೆಯಲ್ಲಿ ಅಮ್ಮ ಆ ಮೌನವನ್ನು ಕೇಳಿ, ಫೋನು ಸತ್ತಿದೆಯೆಂದು ಎರಡು ದಿನ ರಿಸೀವರ್ ಇಟ್ಟುಬಿಡುತ್ತಿದ್ದರು. 2ರ ನಂತರ ಹ್ಯಾಶ್ ಒತ್ತಿದರೆ ಕರೆ ತಕ್ಷಣ ಹೊರಡುತ್ತದೆ.

ಮಗಳ ಮೊಬೈಲಿನಲ್ಲಿ ಲಿನ್‌ಫೋನ್ ಎಂಬ ಇಂಟರ್ನೆಟ್ ಕರೆಯ ಆ್ಯಪ್ ಹಾಕಿ 102ರ ವಿವರ ತುಂಬಿ. ಅದು ಮನೆಯ ಕಂಪ್ಯೂಟರನ್ನು ತಲುಪಲು ಸಿಪ್ ಕರೆಗಳು ಬರುವ ರೂಟರಿನ 5060ನೇ ಪೋರ್ಟನ್ನು ತೆರೆಯಬೇಡಿ, ಪಾಸ್‌ವರ್ಡ್ ಊಹಿಸುವ ಯಂತ್ರಗಳು ಆ ಬಾಗಿಲನ್ನು ಎಡೆಬಿಡದೆ ತಟ್ಟುತ್ತವೆ. ಕಂಪ್ಯೂಟರಿಗೂ ಮೊಬೈಲಿಗೂ ಟೇಲ್‌ಸ್ಕೇಲ್ ಹಾಕಿ ಖಾಸಗಿ ಜಾಲ ಕಟ್ಟಿಕೊಳ್ಳುವುದೇ ಒಳ್ಳೆಯದು. ಮೊಬೈಲಿನ ಬ್ಯಾಟರಿ ಉಳಿತಾಯದ ಪಟ್ಟಿಯಿಂದ ಈ ಎರಡೂ ಆ್ಯಪ್‌ಗಳನ್ನು ಹೊರಗಿಡದಿದ್ದರೆ ಗಂಟೆ ಬಾರಿಸದೇ ಇರಬಹುದು.

ಈ ವ್ಯವಸ್ಥೆಯನ್ನು ಮನೆಯವರ ನಡುವೆಯೇ ಇಟ್ಟುಕೊಳ್ಳಿ. ಪರವಾನಗಿಯಿಲ್ಲದೆ ಇಂಟರ್ನೆಟ್ ಕರೆಗಳನ್ನು ಸಾರ್ವಜನಿಕ ದೂರವಾಣಿ ಜಾಲಕ್ಕೆ ಹಾಯಿಸುವುದು ನಮ್ಮ ದೇಶದಲ್ಲಿ ಅಪರಾಧ. ಕರೆಂಟ್ ಹೋದರೆ ಈ ಫೋನೂ ನಿಲ್ಲುವುದರಿಂದ ಕಂಪ್ಯೂಟರ್, ರೂಟರ್, ಎಟಿಎ ಮೂರನ್ನೂ ಯುಪಿಎಸ್‌ಗೆ ಸೇರಿಸಿ. ತುರ್ತು ಸಂಖ್ಯೆ 112ಕ್ಕೆ ಇದರಿಂದ ಕರೆ ಹೋಗುವುದಿಲ್ಲ. ಹಾಗಾಗಿ ಚಾರ್ಜ್ ಇರುವ ಗುಂಡಿ ಮೊಬೈಲೊಂದನ್ನು ಅದೇ ಮೇಜಿನ ಮೇಲಿಟ್ಟು, ಆ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಬರೆದು ಅದರ ಬೆನ್ನಿಗೆ ಅಂಟಿಸಿ.