ಸ್ವಭಾವವನ್ನು ದೂರುವ ಮೊದಲು ಮನಸ್ಸಿನ ಅಗತ್ಯವನ್ನು ಗುರುತಿಸುವುದು ಹೇಗೆ

ಮನೆಯಲ್ಲಿ ಒಬ್ಬರು ಸದಾ ಸಿಡುಕುತ್ತಿದ್ದರೆ, ಅಥವಾ ಯಾರೊಡನೆಯೂ ಬೆರೆಯದೆ ಕೋಣೆ ಸೇರಿಕೊಂಡರೆ, ಅದು ಅವರ ಹುಟ್ಟುಗುಣ ಎಂದು ಹೇಳಿ ನಾವು ಸುಮ್ಮನಾಗುತ್ತೇವೆ. ಹಾಗೆ ಹೇಳಿದ ಕ್ಷಣದಿಂದ ಮಾಡಬಹುದಾಗಿದ್ದ ಕೆಲಸವೂ ನಿಂತುಹೋಗುತ್ತದೆ. ಸ್ವಭಾವವೆಂದು ನಾವು ಕರೆಯುವುದರಲ್ಲಿ ಎಷ್ಟೋ ಸಲ ನಿಜವಾಗಿ ಇರುವುದು ಪೂರೈಸದೆ ಉಳಿದ ಒಂದು ಅಗತ್ಯ. ಇವೆರಡನ್ನೂ ಬೇರ್ಪಡಿಸಿ ನೋಡುವ ಕ್ರಮವನ್ನು ಕೊಡಗಿನ ತೋಟದ ಮನೆಗಳ ಉದಾಹರಣೆಗಳೊಂದಿಗೆ ಇಲ್ಲಿ ವಿವರಿಸಿದ್ದೇನೆ.

ಮನಶ್ಶಾಸ್ತ್ರಜ್ಞರು ವ್ಯಕ್ತಿತ್ವವನ್ನು ಸಾಮಾನ್ಯವಾಗಿ ಐದು ಗುಣಗಳಲ್ಲಿ ಅಳೆಯುತ್ತಾರೆ: ಹೊಸತನ್ನು ಸ್ವೀಕರಿಸುವ ಮನಸ್ಸು, ಶಿಸ್ತು, ಬಹಿರ್ಮುಖತೆ, ಹೊಂದಿಕೊಳ್ಳುವ ಗುಣ ಮತ್ತು ಬೇಗ ಆತಂಕಕ್ಕೆ ಒಳಗಾಗುವ ಒಲವು. ಅವಳಿಗಳ ಮೇಲೆ ನಡೆದ ಅಧ್ಯಯನಗಳ ಪ್ರಕಾರ ಈ ಗುಣಗಳಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಅರ್ಧದಷ್ಟು ಅನುವಂಶೀಯತೆಗೆ ಸಂಬಂಧಿಸಿದ್ದು. ಅವು ಬದಲಾಗುವುದೇ ಇಲ್ಲವೆಂದಲ್ಲ, ಆದರೆ ಬದಲಾವಣೆ ವರ್ಷಗಳ ಲೆಕ್ಕದಲ್ಲಿ ನಡೆಯುತ್ತದೆ. ಅಗತ್ಯಗಳ ಮಾತು ಬೇರೆ. ಮನಶ್ಶಾಸ್ತ್ರಜ್ಞ ಅಬ್ರಹಾಂ ಮ್ಯಾಸ್ಲೊ 1943ರಲ್ಲಿ ಮಂಡಿಸಿದ, ಹಸಿವಿನಂತಹ ಮೂಲ ಅಗತ್ಯಗಳಿಂದ ಮೇಲೇರುವ ಅಗತ್ಯಗಳ ಶ್ರೇಣಿ ಬಹಳ ಮಂದಿಗೆ ಗೊತ್ತು. ದಿನನಿತ್ಯದ ಬಳಕೆಗೆ ಅದಕ್ಕಿಂತ ಹೆಚ್ಚು ಒದಗಿಬರುವುದು ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಹೇಳಿದ ಮೂರು ಅಗತ್ಯಗಳು ಎಂಬುದು ನನ್ನ ಅಭಿಪ್ರಾಯ: ತನ್ನ ಕೆಲಸದಲ್ಲಿ ತನ್ನ ತೀರ್ಮಾನ ನಡೆಯಬೇಕು, ಕೈಗೆತ್ತಿಕೊಂಡದ್ದು ತನ್ನಿಂದ ಸಾಧ್ಯವೆಂದು ಅನ್ನಿಸಬೇಕು, ತನ್ನವರೆನ್ನಬಹುದಾದ ಜನ ಬೇಕು. ಅಂತರ್ಮುಖಿಗೂ ಬಹಿರ್ಮುಖಿಗೂ ಇವು ಮೂರೂ ಬೇಕು; ಪಡೆಯುವ ದಾರಿ ಮಾತ್ರ ಸ್ವಭಾವಕ್ಕೆ ತಕ್ಕಂತೆ ಬೇರೆಯಾಗುತ್ತದೆ.

ಮೊದಲು ಒಂದು ಸಣ್ಣ ಪುಸ್ತಕವಿಟ್ಟುಕೊಂಡು ಎರಡು ವಾರ ಬರೆಯಿರಿ. "ನಾನು ಸೋಮಾರಿ", "ನಾನು ಕೋಪಿಷ್ಠ" ಎಂಬಂತಹ ತೀರ್ಪುಗಳನ್ನು ಬರೆಯದೆ, ಮನಸ್ಸು ಕುಗ್ಗಿದ ಅಥವಾ ಸಿಟ್ಟು ಬಂದ ಹೊತ್ತನ್ನು ಮಾತ್ರ ದಾಖಲಿಸಿ: ಆಗ ಏನು ಕೆಲಸ ನಡೆಯುತ್ತಿತ್ತು, ಅದನ್ನು ಹಾಗೆಯೇ ಮಾಡಬೇಕೆಂದು ಯಾರು ಹೇಳಿದ್ದರು, ಹತ್ತಿರ ಯಾರಿದ್ದರು. ಮನಸ್ಸು ಹಗುರವಾದ ಹೊತ್ತನ್ನೂ ಇದೇ ರೀತಿ ಬರೆಯುವುದು ಬಹಳ ಮುಖ್ಯ. ಎರಡು ವಾರ ಕಳೆದ ಮೇಲೆ ಓದಿದರೆ ಮೂರರಲ್ಲಿ ಯಾವ ಅಗತ್ಯ ಮತ್ತೆ ಮತ್ತೆ ಬರಿದಾಗುತ್ತಿದೆ ಎಂಬುದು ಸಾಮಾನ್ಯವಾಗಿ ಕಾಣಿಸುತ್ತದೆ. ಆ ಪುಟಗಳಲ್ಲಿ ನಿದ್ದೆ ಕೆಟ್ಟಿರುವುದು, ಊಟ ಸೇರದಿರುವುದು, ಬದುಕೇ ಬೇಡವೆಂಬ ಯೋಚನೆ ಕಂಡುಬಂದರೆ ಈ ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸಿ ಮನೋವೈದ್ಯರನ್ನು ಕಾಣಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು.

ಜನರ ಒಡನಾಟ ಕಡಿಮೆಯಾಗಿದೆ ಎಂದು ತಿಳಿದರೆ, ಮಿತಭಾಷಿಯನ್ನು ಮದುವೆ ಮಂಟಪದ ಗದ್ದಲಕ್ಕೆ ನೂಕುವುದು ಪರಿಹಾರವಲ್ಲ. 1997ರಲ್ಲಿ ಕೊಡಗಿನ ಕರಡದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಯನ್ನೇ ನೋಡಿ: ಮೈದಾನದಲ್ಲಿ ಆಡುವವರಿಗೆ ಎಷ್ಟು ಜಾಗವಿದೆಯೋ, ಲೆಕ್ಕ ಬರೆಯುವವರಿಗೂ ಮೈದಾನ ಸಿದ್ಧಗೊಳಿಸುವವರಿಗೂ ಅಷ್ಟೇ ಜಾಗವಿದೆ. ಹೆಚ್ಚು ಮಾತು ಬೇಡದ, ಆದರೆ ಇತರರೊಂದಿಗೆ ಸೇರಿ ಮಾಡುವ ಕೆಲಸವನ್ನು ಅಂತರ್ಮುಖಿ ಹುಡುಕಿಕೊಳ್ಳಲಿ. ಶುಕ್ರವಾರದ ಮಡಿಕೇರಿ ಸಂತೆಗೆ ಒಬ್ಬ ಗೆಳೆಯನೊಡನೆ ಹೋಗಿಬರುವುದೂ ಸಾಕಾಗಬಹುದು. ಸಾಮರ್ಥ್ಯದ ಅರಿವು ಕುಂದಿದ್ದರೆ, ಫಲ ಬೇಗ ಕಣ್ಣಿಗೆ ಬೀಳುವ ಕೆಲಸವನ್ನು ಆರಿಸಬೇಕು. ಆತಂಕದ ಸ್ವಭಾವದವರು ಇಡೀ ತೋಟದ ಹೊಣೆ ಹೊರುವ ಮೊದಲು ಒಂದು ಸಾಲು ಕಾಫಿ ಗಿಡದ ಚಿಗುರು ತೆಗೆದು ನೋಡುವುದು ಒಳ್ಳೆಯದು.

ನಮ್ಮ ಕಡೆ ಅತಿ ಹೆಚ್ಚು ಬರಿದಾಗುವುದು ತೀರ್ಮಾನದ ಅಗತ್ಯ. ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ಮರಳಿದ ಮಗನಿಗೆ ಊಟಕ್ಕೆ, ಹಣಕ್ಕೆ, ನೆಂಟರಿಗೆ ಯಾವ ಕೊರತೆಯೂ ಇರುವುದಿಲ್ಲ. ಆದರೆ ಗೊಬ್ಬರ ಯಾವಾಗ ಹಾಕಬೇಕು, ಕಾಫಿ ಹಣ್ಣು (ಚೆರಿ) ಯಾರಿಗೆ ಮಾರಬೇಕು ಎಂಬುದೆಲ್ಲ ತಂದೆಯ ಮಾತಿನಂತೆಯೇ ನಡೆಯುತ್ತದೆ. ವರ್ಷ ಕಳೆಯುವುದರೊಳಗೆ ಅವನು ನಿರುತ್ಸಾಹಿ ಎನ್ನಿಸಿಕೊಳ್ಳುತ್ತಾನೆ. ಅವನ ಕೈಗೆ ಹೆಚ್ಚು ಹಣ ಕೊಡುವುದರಿಂದ ಇದು ಸರಿಹೋಗುವುದಿಲ್ಲ. ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಗಟು ಬಿಡಿಸಿದ್ದಕ್ಕೆ ಹಣ ಪಡೆದ ವಿದ್ಯಾರ್ಥಿಗಳಿಗೆ ಆಮೇಲೆ ಹಣ ನಿಂತಾಗ, ಬಿಡುವಿನ ವೇಳೆಯಲ್ಲಿ ಆ ಒಗಟಿನ ಮೇಲಿನ ಆಸಕ್ತಿ ಕುಗ್ಗಿತ್ತು. ಇದನ್ನು ತೋರಿಸಿ ಲೈನ್ ಮನೆಯಲ್ಲಿ, ಅಂದರೆ ತೋಟದ ಸಾಲುಮನೆಗಳಲ್ಲಿ, ಇರುವ ಕಾರ್ಮಿಕರ ಕೂಲಿಯಲ್ಲಿ ಯಾರೂ ಜಿಗುಟುತನ ಮಾಡಬಾರದು. ನ್ಯಾಯವಾದ ಕೂಲಿ ಬದುಕಿನ ಆಧಾರ, ಅದಕ್ಕೆ ಬದಲಿಯಾಗಿ ಬೇರೆ ಯಾವುದನ್ನೂ ಕೊಡಲಾಗದು.

ಮಗ ಕೇಳಬೇಕಾದದ್ದು ಇಡೀ ತೋಟದ ಅಧಿಕಾರವನ್ನಲ್ಲ. ಮರಗಸಿಯಂತಹ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವಂತಹ, ಒಂದು ಕೆಲಸ ಸಾಕು. "ಅಪ್ಪಾ, ಕೆಳಗಿನ ಎರಡು ಎಕರೆಯ ಮರಗಸಿ ಈ ವರ್ಷ ನನಗೆ ಬಿಡಿ, ಯಾವ ಕೊಂಬೆ ಇಳಿಸಬೇಕು ಅನ್ನೋದನ್ನು ನಾನೇ ನೋಡ್ತೇನೆ, ಖರ್ಚಿನ ಲೆಕ್ಕ ನಿಮಗೆ ಒಪ್ಪಿಸ್ತೇನೆ" ಎಂದು ಮಳೆಗಾಲಕ್ಕೆ ಮೊದಲೇ ಕೇಳಬಹುದು. ಹೊಂದಿಕೊಳ್ಳುವ ಗುಣ ಹೆಚ್ಚಿರುವವರಿಗೆ ಇಷ್ಟು ಹೇಳುವುದೇ ಕಷ್ಟ. ಅವರು ಮಾತನ್ನು ಮೊದಲು ಬರೆದಿಟ್ಟುಕೊಂಡು, ತಾಯಿಯನ್ನೋ ಚಿಕ್ಕಪ್ಪನನ್ನೋ ಜೊತೆಗೆ ಕೂರಿಸಿಕೊಂಡು ಹೇಳಲಿ. ಮಾತು ಒರಟಾಗಿ ಬರುವ ಸ್ವಭಾವದವರು ಕೆಲಸದ ನಡುವೆ ಈ ವಿಷಯ ಎತ್ತದೆ ಸಂಜೆ ಕಾಫಿಯ ಹೊತ್ತಿಗೆ ಕಾಯಲಿ.

ತಂದೆಯ ಪಾಲಿನ ಕೆಲಸವೂ ಇದೆ. ಒಪ್ಪಿಕೊಂಡ ಮೇಲೆ ಆ ಎರಡು ಎಕರೆಯ ಬಗ್ಗೆ ತೋಟದ ಕೆಲಸ ನೋಡಿಕೊಳ್ಳುವ ರೈಟರನಿಗೆ ಬೇರೆ ಸೂಚನೆ ಕೊಡಬಾರದು. ಕೊಂಬೆ ಹೆಚ್ಚು ಇಳಿಸಿ ಬಿಸಿಲು ಜಾಸ್ತಿಯಾಯಿತೆಂದು ಕಂಡರೆ ಕೆಲಸದವರ ಎದುರಿನಲ್ಲಿ ಹೇಳದೆ, ಮನೆಗೆ ಬಂದ ಮೇಲೆ ಮಗನ ಕಾರಣವನ್ನು ಕೇಳಿ ತಮ್ಮ ಅನುಭವವನ್ನು ತಿಳಿಸಬಹುದು. ಆಮೇಲೂ ಆ ತುಂಡಿನ ತೀರ್ಮಾನ, ಮುಂದಿನ ಕೊಯ್ಲು ಮುಗಿದು ಇಬ್ಬರೂ ಲೆಕ್ಕಕ್ಕೆ ಕೂರುವವರೆಗೆ, ಮಗನ ಬಳಿಯೇ ಇರಬೇಕು.