ಸೊಂಟಕ್ಕೆ ಸರಿ, ಕತ್ತು ತಿರುಚುವುದು ಬೇಡ ಅಂದೆ

ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂತು ನನಗೆ ಕತ್ತು, ಸೊಂಟ ಎರಡೂ ಹಿಡಿದುಕೊಂಡವು. ನಾನಿರುವುದು ಟೆಕ್ಸಾಸ್‌ನಲ್ಲಿ. ಬೆನ್ನು ನೋವು ಅಂದರೆ ಸಾಕು, ಇಲ್ಲಿ ಯಾರಾದರೂ ಒಬ್ಬ ಕೈರೋಪ್ರಾಕ್ಟರ್ ಹೆಸರು ಹೇಳುತ್ತಾರೆ. ಬೆನ್ನುಮೂಳೆ, ಕೀಲುಗಳನ್ನು ಕೈಯಿಂದಲೇ ಒತ್ತಿ ಚಿಕಿತ್ಸೆ ಮಾಡುವವರು ಇವರು. ಇವರಿಗೆ ಡಾಕ್ಟರ್ ಅಂತ ಪದವಿ ಇರುತ್ತದೆ, ರಾಜ್ಯದ ಲೈಸೆನ್ಸೂ ಇರುತ್ತದೆ. ಆದರೆ ಇಲ್ಲಿನ ಮಾಮೂಲಿ ವೈದ್ಯರ ಎಂ.ಡಿ. ಪದವಿ ಅಲ್ಲ ಅದು. 1895ರಲ್ಲಿ ಅಯೋವಾದ ಡೇವನ್‌ಪೋರ್ಟ್‌ನಲ್ಲಿ ಡಿ.ಡಿ. ಪಾಮರ್ ಶುರು ಮಾಡಿದ ಪದ್ಧತಿ ಇದು. ಬಹುಪಾಲು ಕಾಯಿಲೆಗೆ ಬೆನ್ನುಮೂಳೆ ಜರುಗಿರುವುದೇ ಕಾರಣ ಅನ್ನುತ್ತಿದ್ದ ಆತ. ನನಗೆ ಅದೆಲ್ಲ ಬೇಕಿರಲಿಲ್ಲ, ಸೊಂಟ ಬಗ್ಗಿದರೆ ಸಾಕಿತ್ತು.

ಮೊದಲು ನಮ್ಮ ಮಾಮೂಲಿ ಡಾಕ್ಟರಿಗೇ ತೋರಿಸಿದೆ. ಕಾಲಿನ ಶಕ್ತಿ ಕಮ್ಮಿಯಾಗಿದೆಯಾ, ಜೋಮು ಹಿಡಿಯುತ್ತದಾ, ಮೂತ್ರದ ಹಿಡಿತ ತಪ್ಪಿದೆಯಾ, ಜ್ವರ ಇದೆಯಾ, ಸುಮ್ನೆ ತೂಕ ಇಳಿದಿದೆಯಾ ಅಂತ ಕೇಳಿದರು. ಯಾವುದೂ ಇರಲಿಲ್ಲ. ಇದ್ದಿದ್ದರೆ ಕೈರೋಪ್ರಾಕ್ಟರ್ ಹತ್ತಿರ ಹೋಗುವ ಮಾತೇ ಇಲ್ಲ.

ಹಾಗಾಗಿ ಕೈರೋಪ್ರಾಕ್ಟರ್ ಹತ್ತಿರ ಹೋದೆ. ಅಲ್ಲಿ ಒಂದು ಮಗ್ಗುಲಿಗೆ ಮಲಗಿಸಿ, ಮೇಲಿನ ಮಂಡಿ ಮಡಿಸಿ, ಭುಜವನ್ನು ಹಿಂದಕ್ಕೆ ಹಿಡಿದು ಸೊಂಟವನ್ನು ಥಟ್ಟನೆ ಒತ್ತಿದರು. ಲಟಕ್ ಅಂತು! ಮೂಳೆ ಜಾಗಕ್ಕೆ ಬಂತು ಅಂತಲೇ ಅನ್ನಿಸುತ್ತದೆ. ಹಾಗೇನೂ ಇಲ್ಲ. ಬೆರಳಿನ ನೆಟಿಕೆ ತೆಗೆದಾಗ ಬರುವ ಸದ್ದೇ ಇದು, ಕೀಲಿನ ದ್ರವದಲ್ಲಿನ ಗಾಳಿಗುಳ್ಳೆಯ ಕೆಲಸ. ಎದ್ದಾಗ ಸೊಂಟ ಹಗುರಾಗಿತ್ತು. ಮರುದಿನ ಸ್ವಲ್ಪ ಮೈಕೈ ನೋವು ಬಂತು, ಅದು ಮಾಮೂಲಂತೆ. ಊರಿಗೆ ಫೋನ್ ಮಾಡಿ ಹೇಳಿದರೆ ಅಮ್ಮ, "ಅದಕ್ಕೆ ಅಷ್ಟು ದುಡ್ಡು ಯಾಕೋ? ಕಾಲು ಮುಂದಾಗಿ ಹುಟ್ಟಿದವರ ಕೈಲಿ ಒದೆಸಿಕೊಂಡಿದ್ರೆ ಆಗ್ತಿತ್ತು" ಅಂದರು.

ಕತ್ತಿನ ಸರದಿ ಬಂದಾಗ ನಾನು ತಡೆದೆ. ಕತ್ತನ್ನು ಹೀಗೆ ತಿರುಚಿಸಿಕೊಂಡ ಮೇಲೆ ಮಿದುಳಿಗೆ ಹೋಗುವ ರಕ್ತನಾಳ ಸೀಳಿ ಪಾರ್ಶ್ವವಾಯು ಆದ ಪ್ರಕರಣಗಳಿವೆ. ತೀರಾ ಅಪರೂಪ, ನಿಜ. ತಿರುಚಿದ್ದೇ ಕಾರಣವೋ, ನಾಳ ಮೊದಲೇ ಸೀಳಿ ಆ ನೋವಿಗೇ ಅವರು ಬಂದಿದ್ದರೋ ಎಂಬ ವಾದವೂ ಮುಗಿದಿಲ್ಲ. ಆದರೂ ಕತ್ತು ನೋವಿಗೋಸ್ಕರ ಅಷ್ಟು ಧೈರ್ಯ ಯಾಕೆ, ಅಲ್ವಾ? "ತಿರುಚದೆ ಏನು ಮಾಡಬಹುದೋ ಅದನ್ನು ಮಾಡಿ" ಅಂದೆ. ಅವರೇನೂ ಬೇಸರ ಮಾಡಿಕೊಳ್ಳಲಿಲ್ಲ. ಬಿಗಿದ ಸ್ನಾಯುಗಳನ್ನು ಒತ್ತಿ ಸಡಿಲ ಮಾಡಿದರು, ನಿಧಾನವಾಗಿ ಕತ್ತು ಎಳೆದರು. ನೇರ ಕೂತು ಗದ್ದವನ್ನು ಹಿಂದಕ್ಕೆ ಎಳೆದುಕೊಳ್ಳುವ ವ್ಯಾಯಾಮ ಹೇಳಿಕೊಟ್ಟರು. ನನ್ನ ಕತ್ತಿಗೆ ಜಾಸ್ತಿ ಉಪಕಾರ ಮಾಡಿದ್ದು ಅದೇ. ಜೊತೆಗೆ ಪರದೆಯನ್ನು ಕಣ್ಣಿನ ಮಟ್ಟಕ್ಕೆ ಏರಿಸಿದ್ದು.

ಹೊರಡುವಾಗ ರಿಸೆಪ್ಷನ್‌ನಲ್ಲಿ ಎಕ್ಸ್‌ರೇ ಸೇರಿಸಿ ವರ್ಷದ ಪ್ಯಾಕೇಜ್ ಮುಂದಿಟ್ಟರು. ಬೇಡ ಅಂದೆ. ಅಪಾಯದ ಲಕ್ಷಣ ಇಲ್ಲದ ಬೆನ್ನು ನೋವಿಗೆ ಎಕ್ಸ್‌ರೇ ತೆಗೆಸಿದರೂ ಸಾಮಾನ್ಯವಾಗಿ ಚಿಕಿತ್ಸೆ ಅದೇ ಇರುತ್ತದೆ. ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ ಅನ್ನುವ ವೈದ್ಯರ ಸಂಘದವರು 2017ರ ಮಾರ್ಗಸೂಚಿಯಲ್ಲಿ ಸೊಂಟ ನೋವಿಗೆ ಮಾತ್ರೆಗಿಂತ ಮೊದಲು ಪ್ರಯತ್ನಿಸಬಹುದಾದ ಚಿಕಿತ್ಸೆಗಳಲ್ಲಿ ಹೀಗೆ ಕೈಯಿಂದ ಬೆನ್ನುಮೂಳೆ ಒತ್ತುವುದನ್ನೂ ಸೇರಿಸಿದ್ದಾರೆ. ಆದರೆ ದೀರ್ಘಕಾಲದ ನೋವಿಗೆ ಅದೇ ಪಟ್ಟಿಯಲ್ಲಿ ವ್ಯಾಯಾಮ, ಯೋಗವೂ ಇವೆ. ನನಗೆ ಅವು ಬಿಟ್ಟಿಯಾಗೇ ಸಿಗುತ್ತವೆ. ಈಗ ಬೆಳಿಗ್ಗೆ ಕೈ, ಮಂಡಿ ಊರಿ, ಒಂದು ಕೈಯನ್ನೂ ಎದುರು ಬದಿಯ ಕಾಲನ್ನೂ ಚಾಚಿ ಹಿಡಿಯುತ್ತೇನೆ. ಸೊಂಟ ತೀರಾ ಹಿಡಿದುಕೊಂಡರೆ ಮಾತ್ರ ಕೈರೋಪ್ರಾಕ್ಟರ್ ಹತ್ತಿರ ಹೋಗುವುದು, ಅದೂ ಆ ಒಂದು ಸಲಕ್ಕಷ್ಟೇ ದುಡ್ಡು ಕೊಟ್ಟು.