ಬಳ್ಳಾರಿಯ ಬಿಸಿಲಿನಿಂದ ಸ್ವಾಲ್ಬಾರ್ಡ್‌ನ ಗುಡ್ಡಕ್ಕೆ: ಒಂದು ದಿನದ ಚಾರಣದ ಸಿದ್ಧತೆ

ಬಳ್ಳಾರಿ ಇರುವುದು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳ ಮುಖ್ಯ ಊರಾದ ಲಾಂಗ್‌ಯಿಯರ್‌ಬ್ಯೆನ್ ಇರುವುದು 78 ಡಿಗ್ರಿಯಲ್ಲಿ. ಅಲ್ಲಿನ ಗುಡ್ಡ ಹತ್ತಲು ಹೊರಟಿದ್ದೇನೆ ಎಂದು ಹೇಳಿದಾಗ ನಮ್ಮ ಓಣಿಯವರೆಲ್ಲ ಚಳಿಯ ಬಗ್ಗೆಯೇ ಎಚ್ಚರಿಕೆ ಹೇಳಿದರು. ಆದರೆ ಜುಲೈ ತಿಂಗಳಲ್ಲಿ ಅಲ್ಲಿನ ಸರಾಸರಿ ಉಷ್ಣತೆ 7 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಸರಿಯಾಗಿ ಉಟ್ಟು ನಡೆಯುತ್ತಿರುವವರಿಗೆ ಅದು ಸಹಿಸಲಾಗದ ಚಳಿಯೇನಲ್ಲ. ನಮ್ಮ ಸೀಮೆಯವರನ್ನು ಅಲ್ಲಿ ಕಾಡುವುದು ಬೆವರು. ಇಲ್ಲಿ ಬೇಸಿಗೆಯಲ್ಲಿ ಮೈಯನ್ನು ತಂಪಾಗಿಸಿ ನಮ್ಮನ್ನು ಕಾಯುವ ಬೆವರು, ಅಲ್ಲಿ ಒಳಗಿನ ಬಟ್ಟೆಯನ್ನು ತೋಯಿಸಿ, ನಿಂತ ಕೂಡಲೇ ಮೈಯ ಶಾಖವನ್ನೆಲ್ಲ ಹೀರಿಬಿಡುತ್ತದೆ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಸಿದ್ಧತೆ ಮಾಡಿಕೊಂಡರೆ ಉಳಿದ ಬಹಳಷ್ಟು ನಿರ್ಧಾರಗಳು ಸುಲಭವಾಗುತ್ತವೆ.

ಮೊದಲು ಕಾಗದಪತ್ರಗಳ ವಿಷಯ. 1920ರ ಒಪ್ಪಂದದಿಂದಾಗಿ ಸ್ವಾಲ್ಬಾರ್ಡ್‌ಗೆ ಕಾಲಿಡಲು ಪ್ರತ್ಯೇಕ ವೀಸಾ ಬೇಕಿಲ್ಲ. ಆದರೆ ವಿಮಾನಗಳು ನಾರ್ವೆಯ ಓಸ್ಲೊ ಅಥವಾ ಟ್ರೊಮ್ಸೊ ಮೂಲಕವೇ ಹೋಗುವುದರಿಂದ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ವೀಸಾ, ಬೇಕೇ ಬೇಕು. ಸ್ವಾಲ್ಬಾರ್ಡ್ ಷೆಂಗೆನ್ ವಲಯದ ಹೊರಗಿದೆ. ಅಲ್ಲಿಂದ ಹಿಂದಿರುಗುವಾಗ ನೀವು ವಲಯವನ್ನು ಎರಡನೆಯ ಸಲ ಪ್ರವೇಶಿಸಿದಂತಾಗುತ್ತದೆ. ಹಾಗಾಗಿ ಎರಡು ಪ್ರವೇಶಕ್ಕೆ ಅನುಮತಿಯಿರುವ ವೀಸಾವನ್ನೇ ಕೇಳಬೇಕು; ಒಂದೇ ಪ್ರವೇಶದ ವೀಸಾ ಹಿಡಿದು ಹೋದವರು ಮರಳುವ ದಾರಿಯಲ್ಲಿ ಸಿಕ್ಕಿಬೀಳುತ್ತಾರೆ. ಪ್ರಯಾಣ ವಿಮೆ ಕೊಳ್ಳುವಾಗ ಚಾರಣ ಮತ್ತು ರೋಗಿಯನ್ನು ವಿಮಾನದಲ್ಲಿ ಸಾಗಿಸುವ ವೆಚ್ಚ ಎರಡೂ ಅದರಲ್ಲಿ ಸೇರಿವೆಯೇ ಎಂದು ಓದಿ ನೋಡಿ. ಲಾಂಗ್‌ಯಿಯರ್‌ಬ್ಯೆನ್‌ನ ಆಸ್ಪತ್ರೆ ಚಿಕ್ಕದು, ಗಂಭೀರ ಪ್ರಕರಣಗಳನ್ನು ಟ್ರೊಮ್ಸೊಗೆ ಕಳುಹಿಸುತ್ತಾರೆ.

ಮಾರ್ಗದರ್ಶಿಯ ಖರ್ಚನ್ನು ಉಳಿಸೋಣ ಎಂಬ ಯೋಚನೆಯನ್ನು ಬಿಟ್ಟುಬಿಡಿ. ಸ್ವಾಲ್ಬಾರ್ಡ್‌ನಲ್ಲಿ ಹಿಮಕರಡಿಗಳು ಎಲ್ಲಿ ಬೇಕಾದರೂ ಎದುರಾಗಬಹುದು. ಆದ್ದರಿಂದಲೇ ಜನವಸತಿಯ ಎಲ್ಲೆ ದಾಟಿ ಹೋಗುವವರ ಬಳಿ ಕರಡಿಯನ್ನು ಹೆದರಿಸಿ ಓಡಿಸುವ ಸಾಧನ ಇರಲೇಬೇಕೆಂಬ ನಿಯಮವಿದೆ, ಮಾರ್ಗದರ್ಶಿಗಳು ಹೆಗಲಿಗೆ ಬಂದೂಕು ಹಾಕಿಕೊಂಡೇ ಮುಂದೆ ನಡೆಯುತ್ತಾರೆ. ಮೊದಲ ಸಲ ಹೋಗುವವರಿಗೆ ಸಾರ್ಕೊಫಾಗೆನ್ ಗುಡ್ಡ ತಕ್ಕದ್ದು ಎಂಬುದು ನನ್ನ ಅಭಿಪ್ರಾಯ. ಅದರ ಎತ್ತರ ಸುಮಾರು 512 ಮೀಟರ್, ಎರಡು ಹಿಮನದಿಗಳ ನಡುವೆ ನಿಂತಿದೆ. ಸುಮಾರು 850 ಮೀಟರ್ ಎತ್ತರದ ಟ್ರೋಲ್‌ಸ್ಟೈನೆನ್ ಇನ್ನೂ ಚೆಂದವಿದ್ದರೂ ಅದನ್ನು ಎರಡನೆಯ ಸಲಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಊರು ಸಮುದ್ರಮಟ್ಟದಲ್ಲೇ ಇರುವುದರಿಂದ ಈ ಎತ್ತರಗಳಲ್ಲಿ ಹಿಮಾಲಯದಂತೆ ಉಸಿರಿಗೆ ಗಾಳಿ ಸಾಲದ ತೊಂದರೆ ಇರುವುದಿಲ್ಲ. ಮುಂಗಡ ಕಾಯ್ದಿರಿಸುವಾಗ ನಡಿಗೆಯ ಅವಧಿ ಎಷ್ಟು, ಬೂಟಿಗೆ ಕಟ್ಟುವ ಮುಳ್ಳಿನ ಪಟ್ಟಿಯನ್ನು ಅವರೇ ಕೊಡುತ್ತಾರೆಯೇ, ಹವಾಮಾನ ಕೆಟ್ಟರೆ ಹಣ ಮರಳಿಸುತ್ತಾರೆಯೇ ಎಂದು ಕೇಳಿಕೊಳ್ಳಿ. ಮಂಡಿನೋವು, ಆಸ್ತಮಾ, ಸಕ್ಕರೆ ಕಾಯಿಲೆ ಇದ್ದರೆ ಮುಚ್ಚಿಡದೆ ತಿಳಿಸಿ. ಗುಂಪಿನ ನಡಿಗೆಯ ವೇಗವನ್ನು ಅವರು ಅದರ ಮೇಲೆಯೇ ನಿರ್ಧರಿಸುತ್ತಾರೆ.

ಕಾಲುಗಳ ತಯಾರಿಗೆ ನಮ್ಮಲ್ಲಿ ಜಾಗಕ್ಕೇನೂ ಬರವಿಲ್ಲ. ಬಳ್ಳಾರಿಯವರಿಗೆ ಕೋಟೆ ಗುಡ್ಡವಿದೆ, ಕೊಪ್ಪಳ ಮತ್ತು ರಾಯಚೂರಿನವರಿಗೂ ಅವರವರ ಕೋಟೆಗಳಿವೆ. ಎಲ್ಲಕ್ಕಿಂತ ಅನುಕೂಲವಾದದ್ದು ಆನೆಗೊಂದಿ ಸಮೀಪದ ಅಂಜನಾದ್ರಿ. ಅಲ್ಲಿ 575 ಮೆಟ್ಟಿಲುಗಳಿವೆ. ಒಂದೊಂದು ಮೆಟ್ಟಿಲಿಗೆ 17 ಅಥವಾ 18 ಸೆಂಟಿಮೀಟರ್ ಎಂದು ಲೆಕ್ಕ ಹಿಡಿದರೆ ಒಂದು ಸಲ ಹತ್ತಿದಾಗ ಸುಮಾರು 100 ಮೀಟರ್ ಏರಿದಂತಾಗುತ್ತದೆ. ಅಂದರೆ ಸಾರ್ಕೊಫಾಗೆನ್ ಎಂದರೆ ಅಂಜನಾದ್ರಿಯನ್ನು ಒಂದೇ ದಿನ ಐದು ಸಲ ಹತ್ತಿಳಿಯುವುದು. ಮೂರು ತಿಂಗಳು ಮೊದಲೇ ಆರಂಭಿಸಿ, ವಾರಕ್ಕೆ ಎರಡು ದಿನ ಎರಡು ಸಲ ಹತ್ತುವುದರಿಂದ ತೊಡಗಿ ಐದಕ್ಕೆ ಮುಟ್ಟಿದರೆ ಸಾಕು. ಬೆನ್ನುಚೀಲದಲ್ಲಿ ಐದಾರು ಕಿಲೋ ಭಾರ ಇರಲಿ; ನೀರಿನ ಬಾಟಲಿಗಳನ್ನೇ ತುಂಬಿಕೊಂಡರೆ ಮಂಡಿ ನೋಯತೊಡಗಿದಾಗ ನೀರು ಚೆಲ್ಲಿ ಹಗುರಾಗಿ ಇಳಿಯಬಹುದು. ಚಾರಣ ಜುಲೈ ಅಥವಾ ಆಗಸ್ಟ್‌ನಲ್ಲಾದರೆ ಈ ಅಭ್ಯಾಸ ನಮ್ಮ ಕಡುಬೇಸಿಗೆಯಲ್ಲೇ ಬರುತ್ತದೆ. ಆದ್ದರಿಂದ ಬೆಳಿಗ್ಗೆ ಏಳೂವರೆಯ ಒಳಗೆ ಕೆಳಗಿಳಿದಿರಬೇಕು, ಬಿಸಿಲಿನಲ್ಲಿ ಹತ್ತಿ ಪೌರುಷ ತೋರಿಸುವುದರಿಂದ ಆರ್ಕ್ಟಿಕ್ ಚಾರಣಕ್ಕೆ ಕಿಂಚಿತ್ತೂ ಪ್ರಯೋಜನವಿಲ್ಲ.

ಆದರೆ ಮೆಟ್ಟಿಲಿನ ಅಭ್ಯಾಸ ಒಂದೇ ಸಾಲದು. ನಮ್ಮ ಗುಡ್ಡಗಳ ಕಲ್ಲು ಗಟ್ಟಿಯಾದ ಗ್ರಾನೈಟ್, ಕಾಲಿಟ್ಟಲ್ಲಿ ಹಿಡಿತ ಸಿಗುತ್ತದೆ. ಲಾಂಗ್‌ಯಿಯರ್‌ಬ್ಯೆನ್ ಸುತ್ತಲಿನ ಗುಡ್ಡಗಳು ಮರಳುಗಲ್ಲು ಮತ್ತು ಜೇಡಿಗಲ್ಲಿನ ಪದರಗಳಿಂದಾದವು. ಬಿರುಕುಗಳಿಗೆ ಇಳಿದ ನೀರು ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟಿ ಅವುಗಳನ್ನು ಒಡೆದಿಟ್ಟಿದೆ. ಆ ಇಳಿಜಾರಿನಲ್ಲಿ ನಡೆಯುವುದೆಂದರೆ ಕ್ರಷರ್ ಮುಂದೆ ಸುರಿದ ಜಲ್ಲಿ ರಾಶಿಯನ್ನು ಹತ್ತಿದ ಹಾಗೆ: ಎರಡು ಹೆಜ್ಜೆ ಮುಂದಿಟ್ಟರೆ ಅರ್ಧ ಹೆಜ್ಜೆ ಜಾರಿ ಕೆಳಗೆ ಬರುತ್ತೇವೆ. ಇದಕ್ಕಾಗಿ ನೀರು ಬತ್ತಿದ ಹಳ್ಳದ ಉಂಡೆಗಲ್ಲುಗಳ ಮೇಲೆ ಕೆಲವು ಬೆಳಗುಗಳಾದರೂ ನಡೆದು ಹಿಮ್ಮಡಿ ಗಂಟಿಗೆ ರೂಢಿ ಮಾಡಿಸಬೇಕು. ಎರಡು ಚಾರಣಕೋಲುಗಳಿದ್ದರೆ ಇಳಿಯುವಾಗ ಮಂಡಿಯ ಮೇಲಿನ ಭಾರ ತಗ್ಗುತ್ತದೆ.

ಬೂಟು ಹಿಮ್ಮಡಿ ಗಂಟನ್ನು ಮುಚ್ಚುವಷ್ಟು ಎತ್ತರವಾಗಿ, ನೀರು ಒಳಗಿಳಿಯದಂತೆ, ಅಡಿ ಗಡುಸಾಗಿ ಇರಬೇಕು. ದಪ್ಪ ಉಣ್ಣೆಯ ಕಾಲುಚೀಲವನ್ನು ಅಂಗಡಿಗೇ ಒಯ್ದು, ಪಾದ ತುಸು ಊದಿಕೊಂಡಿರುವ ಸಂಜೆಯ ಹೊತ್ತಿನಲ್ಲಿ ಹಾಕಿ ನೋಡಿ ಕೊಳ್ಳಿ. ಹೊಸ ಬೂಟನ್ನು ಪೆಟ್ಟಿಗೆಯಲ್ಲೇ ಇಟ್ಟು ನೇರ ಗುಡ್ಡದ ಬುಡದಲ್ಲಿ ಹಾಕಿಕೊಂಡವರ ಹಿಮ್ಮಡಿಗೆ ಬೊಕ್ಕೆ ಬರುವುದು ಖಚಿತ.

ಇನ್ನು ಬಟ್ಟೆ. ಬಳ್ಳಾರಿಯವನಾಗಿ ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳಬೇಕು: ಜೀನ್ಸ್ ಬೇಡ. ನಮ್ಮ ಊರಿಗೆ ಅನ್ನ ಹಾಕಿದ ಈ ಹತ್ತಿ ಬಟ್ಟೆ ನೀರು ಕುಡಿದರೆ ಭಾರವಾಗುತ್ತದೆ, ಬೇಗ ಒಣಗುವುದಿಲ್ಲ, ತೊಯ್ದ ಮೇಲೆ ಮೈಯ ಶಾಖವನ್ನು ಹಿಡಿದಿಡುವುದೂ ಇಲ್ಲ. ಹತ್ತಿಯ ಬನಿಯನ್‌ಗೂ ಇದೇ ಮಾತು. ಉಣ್ಣೆಯ ಗುಣ ಬೇರೆ. ಸಂಡೂರಿನ ಕಡೆ ಜಿಟಿಜಿಟಿ ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಕುರಿಗಳ ಹಿಂದೆ ನಿಂತಿದ್ದ ಹಿರಿಯರೊಬ್ಬರನ್ನು ಈ ಬಗ್ಗೆ ಕೇಳಿದಾಗ, "ತೊಯ್ದ್ರೂ ಬೆಚ್ಚಗಿರ್ತೈತ್ರಿ ಇದು" ಎಂದಷ್ಟೇ ಹೇಳಿದರು. ಮೆರಿನೊ ಉಣ್ಣೆಯ ತೆಳು ಒಳಅಂಗಿಗೆ ಅಷ್ಟೊಂದು ಹಣ ತೆರುವುದು ಇದೇ ಗುಣಕ್ಕಾಗಿ. ಅದರ ಮೇಲೆ ಫ್ಲೀಸ್ ಎಂಬ ಮೆತ್ತನೆಯ ಕೃತಕ ನೂಲಿನ ಬೆಚ್ಚನೆಯ ಅಂಗಿ, ಅದರ ಮೇಲೆ ಗಾಳಿ ಮತ್ತು ಮಳೆ ಎರಡನ್ನೂ ತಡೆಯುವ ತೆಳು ಜಾಕೆಟ್. ನಿಂತಾಗ ಹಾಕಿಕೊಳ್ಳಲೆಂದು ದಪ್ಪ ಜಾಕೆಟ್ ಒಂದು ಚೀಲದಲ್ಲಿರಲಿ. ಬೇಗ ಒಣಗುವ ಪ್ಯಾಂಟು, ಉಣ್ಣೆಯ ಟೊಪ್ಪಿಗೆ, ಎರಡು ಜೊತೆ ಕೈಗವಸು, ಬದಲಿ ಕಾಲುಚೀಲ ಬೇಕು. ಒಂದೇ ದಪ್ಪ ಕೋಟಿಗಿಂತ ಹಲವು ತೆಳು ಪದರಗಳು ಮೇಲು, ಏಕೆಂದರೆ ನಡೆಯುವಾಗ ಒಂದೊಂದಾಗಿ ಬಿಚ್ಚಬಹುದು.

ನಾನು ಹೋದಾಗ ಹೋಟೆಲಿನಲ್ಲೇ ಇದ್ದದ್ದೆಲ್ಲವನ್ನೂ ಹಾಕಿಕೊಂಡು ಹೊರಟಿದ್ದೆ. ಹತ್ತು ನಿಮಿಷ ನಡೆದ ಮೇಲೆ ಮಾರ್ಗದರ್ಶಿ ಎಲ್ಲರನ್ನೂ ನಿಲ್ಲಿಸಿ ಒಂದು ಪದರ ಬಿಚ್ಚಲು ಹೇಳಿದಾಗ ನಾನೊಬ್ಬ ಬಿಚ್ಚಲಿಲ್ಲ; ಬಿಸಿಲ ನಾಡಿನವನಿಗೆ ಇಷ್ಟಾದರೂ ಬೇಕು ಎಂಬ ಹಟ. ಅರ್ಧ ಗುಡ್ಡದಲ್ಲಿ ಚಹಾಕ್ಕೆ ನಿಂತಾಗ ಹಿಮನದಿಯ ಕಡೆಯಿಂದ ಗಾಳಿ ಬೀಸಿತು, ಬೆನ್ನಿಗೆ ಅಂಟಿಕೊಂಡಿದ್ದ ಅಂಗಿ ಎರಡೇ ನಿಮಿಷಗಳಲ್ಲಿ ಬಾವಿಯ ನೀರಿನಲ್ಲಿ ಅದ್ದಿ ತೆಗೆದಂತಾಯಿತು, ಬಟ್ಟಲು ಹಿಡಿದ ಕೈ ನಡುಗಿ ಚಹಾ ಕೈಗವಸಿನ ಮೇಲೆ ಚೆಲ್ಲಿತು. ಹೊರಡುವಾಗ ತುಸು ಚಳಿ ಎನಿಸಿದರೆ ಮಾತ್ರ ಉಡುಪು ಸರಿಯಾಗಿದೆ ಎಂದರ್ಥ. ಗಾಳಿಯ ಲೆಕ್ಕವೂ ತಿಳಿದಿರಲಿ: 5 ಡಿಗ್ರಿ ಉಷ್ಣತೆಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಚರ್ಮಕ್ಕೆ ಅದು ಸುಮಾರು 0 ಡಿಗ್ರಿಯಂತೆ ತಾಗುತ್ತದೆ.

ಈ ಬಟ್ಟೆಗಳನ್ನು ಇಲ್ಲಿ ಪರೀಕ್ಷಿಸುವುದು ಹೇಗೆ ಎಂಬ ಪ್ರಶ್ನೆ ಸಹಜ. ಡಿಸೆಂಬರ್ ಅಥವಾ ಜನವರಿಯ ನಸುಕಿನಲ್ಲಿ ಅವನ್ನು ಹಾಕಿಕೊಂಡು ಬೈಕಿನ ಹಿಂದಿನ ಸೀಟಿನಲ್ಲಿ ಅರ್ಧ ಗಂಟೆ ಕುಳಿತು ಬನ್ನಿ. ಗಾಳಿ ಎಲ್ಲೆಲ್ಲಿ ನುಗ್ಗುತ್ತದೆ ಎಂಬುದು ಕುತ್ತಿಗೆ ಮತ್ತು ಮಣಿಕಟ್ಟಿನಲ್ಲೇ ಗೊತ್ತಾಗುತ್ತದೆ. ಮನೆಗೆ ಬಂದು ಜಾಕೆಟ್ಟಿನ ತೋಳಿನ ಮೇಲೆ ಒಂದು ತಂಬಿಗೆ ನೀರು ಸುರಿಯಿರಿ, ಹನಿಗಳು ಉರುಳಿ ಬಿದ್ದರೆ ಸರಿ, ಬಟ್ಟೆ ಕಪ್ಪಾಗಿ ನೀರು ಹೀರಿದರೆ ಅಂಗಡಿಗೆ ಮರಳಿಸಿ.

ಊಟಕ್ಕೆ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮತ್ತು ಶೇಂಗಾ ಚಿಕ್ಕಿ ಒಯ್ಯಿರಿ. ಹಗುರ, ಕೆಡುವುದಿಲ್ಲ, ಕೈಗವಸು ಬಿಚ್ಚದೆಯೂ ತಿನ್ನಬಹುದು. ಚಿಕ್ಕಿಯನ್ನು ಮನೆಯಲ್ಲೇ ಚಿಕ್ಕ ತುಂಡು ಮಾಡಿಟ್ಟುಕೊಳ್ಳಿ, ಚಳಿಯಲ್ಲಿ ಅದು ಕಲ್ಲಾಗುತ್ತದೆ. ಪೇಡೆ, ತುಪ್ಪದ ಸಿಹಿತಿಂಡಿ ಬೇಡ, ಯುರೋಪಿನ ಹೊರಗಿನಿಂದ ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ತರಲು ನಾರ್ವೆ ಬಿಡುವುದಿಲ್ಲ. ಬಾಯಾರಿಕೆ ಆಗದಿದ್ದರೂ ಒಂದೂವರೆ ಲೀಟರ್ ನೀರು ಮತ್ತು ಫ್ಲಾಸ್ಕ್ ತುಂಬ ಬಿಸಿ ಚಹಾ ಜೊತೆಗಿರಲಿ.

ಇನ್ಸುಲಿನ್ ತೆಗೆದುಕೊಳ್ಳುವವರು ಅದು ಹೆಪ್ಪುಗಟ್ಟದಂತೆ ಒಳಜೇಬಿನಲ್ಲಿ ಇಟ್ಟುಕೊಳ್ಳಬೇಕು, ಸಕ್ಕರೆ ಅಳೆಯುವ ಯಂತ್ರವನ್ನೂ ಅಲ್ಲೇ ಇಡಬೇಕು. ಚಳಿಯಲ್ಲಿ ಅದರ ಅಂಕಿ ತಪ್ಪಬಹುದು. ಫೋನಿನ ಬ್ಯಾಟರಿಯೂ ಚಳಿಗೆ ಬೇಗ ಇಳಿಯುತ್ತದೆ. ಸುಮಾರು ಏಪ್ರಿಲ್ 20ರಿಂದ ಆಗಸ್ಟ್ 22ರವರೆಗೆ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲವಾದ್ದರಿಂದ ತಂಪು ಕನ್ನಡಕದ ಜೊತೆಗೆ ಮಲಗುವಾಗ ಕಣ್ಣಿಗೆ ಕಟ್ಟುವ ಪಟ್ಟಿಯೂ ಬೇಕು. ಹಿಂದಿನ ರಾತ್ರಿ ನಿದ್ದೆಗೆಟ್ಟವರು ಗುಡ್ಡದಲ್ಲಿ ಎಡವುತ್ತಾರೆ.

ದಾರಿಯಲ್ಲಿ ಹಳೆಯ ಗಣಿಯ ಮರದ ಕಂಬ, ತುಕ್ಕು ಹಿಡಿದ ಡಬ್ಬಿ ಕಂಡರೆ ಮುಟ್ಟಬೇಡಿ. 1946ಕ್ಕಿಂತ ಮೊದಲಿನ ಮಾನವ ಕುರುಹುಗಳೆಲ್ಲ ಅಲ್ಲಿ ಕಾನೂನಿನಿಂದ ಸಂರಕ್ಷಿತ. ಲಾಂಗ್‌ಯಿಯರ್‌ಬ್ಯೆನ್ ಕಲ್ಲಿದ್ದಲಿಗಾಗಿ 1906ರಲ್ಲಿ ಹುಟ್ಟಿದ ಊರು. ಗಣಿಯ ಕರಿಧೂಳು ಒಳಗೆ ಬಾರದಿರಲೆಂದು ಬಾಗಿಲಲ್ಲೇ ಬೂಟು ಬಿಡುತ್ತಿದ್ದ ರೂಢಿ ಇಂದಿಗೂ ಅಲ್ಲಿನ ಹೋಟೆಲುಗಳಲ್ಲಿ ಉಳಿದಿದೆ. ಅದಿರಿನ ಕೆಂಧೂಳು ಕಂಡ ನಮಗೆ ಇದನ್ನು ಯಾರೂ ಕಲಿಸಬೇಕಿಲ್ಲ, ಆದರೆ ತೂತಿಲ್ಲದ ಕಾಲುಚೀಲ ಹಾಕಿಕೊಂಡು ಹೋಗಿ.

ತುದಿ ಮುಟ್ಟಿದೊಡನೆ ಎಲ್ಲರ ಕೈಯೂ ಫೋನಿಗೆ ಹೋಗುತ್ತದೆ. ನೀವು ಮೊದಲು ಚೀಲದಿಂದ ದಪ್ಪ ಜಾಕೆಟ್ ತೆಗೆದು, ಮೈಯಲ್ಲಿ ಬಿಸಿ ಇರುವಾಗಲೇ ಹಾಕಿಕೊಂಡು ಗುಂಡಿ ಬಿಗಿಯಿರಿ, ಒಳಅಂಗಿ ತೊಯ್ದಿದ್ದರೆ ಬದಲಿಸಿ. ಫೋಟೊ ಅದರ ನಂತರ. ಇಳಿಯಲು ಹೊರಡುವ ಮುನ್ನ ಅದೇ ಜಾಕೆಟ್ಟನ್ನು ಮತ್ತೆ ಚೀಲಕ್ಕೆ ಸೇರಿಸುವುದನ್ನೂ ಮರೆಯಬೇಡಿ.